ಕೋ ಅಕ್ಕ ಮತ್ತು ಹನ್ನೊಂದು ಹಸಿರು ಪೊಟ್ಟಣ

ಎರಡನೇ ಕೈ ಮಾಲು ಕೊಳ್ಳುವವನು ಮೊದಲು ನೋಡಬೇಕಾದದ್ದು ತಿರುಪಿನ ತಲೆ. ತಲೆ ಸವೆದಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ. ಮಾರುವವನು ಯಾವ ಆಣೆ ಇಟ್ಟರೂ ಬೆಲೆ ಇಳಿಸಿಯೇ ಮಾತಾಡಬೇಕು. ಕೋ ಯೂಫಂಗ್ ಎಂಬ ಹೆಂಗಸನ್ನು ನಾನು ಹತ್ತೊಂಬತ್ತು ವರ್ಷದಿಂದ ಎದುರು ಕೂತು ನೋಡಿದ್ದೇನೆ. ಹೊರಗಿನ ಕವಚಕ್ಕೆ ಹೇಳಿಕೊಳ್ಳುವಂಥ ಬೆಲೆಯಿಲ್ಲ. ಅರವತ್ತಮೂರು ವಯಸ್ಸು, ನಲವತ್ತೇಳು ಕಿಲೋ ತೂಕ, ಎಡ ಹೆಬ್ಬೆರಳಿನ ಮೇಲೆ ಬೆಸುಗೆ ಕಡ್ಡಿಯ ಸುಟ್ಟ ಗುರುತು, ಕೊರಳಲ್ಲಿ ದಾರ ಕಟ್ಟಿ ತೂಗುಬಿಟ್ಟ ಎರಡು ಕನ್ನಡಕ, ವರ್ಷವಿಡೀ ಅದೇ ಬೂದು ಬಣ್ಣದ ಮೇಲಂಗಿ. ಗೋಡೆಗೆ ತೂಗುಹಾಕಲು ಒಂದು ಪ್ರಮಾಣಪತ್ರವೂ ಇಲ್ಲ. ಮಾತು ಕಡಿಮೆ, ಕೂಲಿ ಹೇಳುವಾಗ ಇನ್ನೂ ಕಡಿಮೆ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಪೂರ್ತಿ ನಷ್ಟದ ಬಾಬತ್ತು. ಆದರೆ ತಿರುಪುಗಳು ಮಾತ್ರ ಕಾರ್ಖಾನೆಯಿಂದ ಬಂದ ಹಾಗೇ ಇವೆ. ಇಷ್ಟು ವರ್ಷದಲ್ಲಿ ಯಾರೂ ಆಕೆಯನ್ನು ಬಿಚ್ಚಿ ಒಳಗೆ ಬೇರೆ ಭಾಗ ಜೋಡಿಸಿಲ್ಲ. ಅಂಥ ಮಾಲು ನಮ್ಮ ಮಾರುಕಟ್ಟೆಗೆ ಬರುವುದೇ ಅಪರೂಪ.

ತೈಪೆಯ ಕಂಪ್ಯೂಟರ್ ಮಾರುಕಟ್ಟೆ ಸೇತುವೆಯ ಕೆಳಗಿದ್ದಾಗಿನಿಂದ ನಾನು ಈ ವ್ಯಾಪಾರದಲ್ಲಿದ್ದೇನೆ. ಸೇತುವೆ ಕೆಡವಿ ನಮ್ಮನ್ನೆಲ್ಲ ಹೊಸ ಕಟ್ಟಡಕ್ಕೆ ಏರಿಸಿದಾಗ ನನಗೆ ಸಿಕ್ಕಿದ್ದು ಮೂರನೇ ಮಹಡಿಯ ಮೂಲೆ. ಹಳೆಯ ಮೆಮೊರಿ, ಹಳೆಯ ಬೋರ್ಡು, ಹಳೆಯ ಎಲ್ಲವೂ ನನ್ನಲ್ಲಿ ಸಿಗುತ್ತವೆ. ಎದುರಿನ ಆರು ಅಡಿ ಜಾಗದಲ್ಲಿ ಕೋ ಅಕ್ಕನ ರಿಪೇರಿ ಬೆಂಚು. ನನ್ನ ಅಂಗಡಿಗೆ ಬರುವವರು ಚೌಕಾಸಿ ಮಾಡಿ ಹೋಗುತ್ತಾರೆ. ಆ ಬೆಂಚಿಗೆ ಬರುವವರು ಕೂತುಬಿಡುತ್ತಾರೆ. ಕೂರುವವರಲ್ಲಿ ಮುಕ್ಕಾಲು ಪಾಲು ವಿದ್ಯಾರ್ಥಿಗಳು. ವೃತ್ತಿಶಾಲೆಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಿಡಿಭಾಗ ಹುಡುಕಿಕೊಂಡು ಬಂದು, ಎರಡನೇ ಸಲಕ್ಕೋ ಮೂರನೇ ಸಲಕ್ಕೋ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ.

“ಅಕ್ಕಾ, ನಾನು ಕಂಪ್ಯೂಟರ್ ಕಡೆಗೇ ಹೋಗ್ಬೇಕು ಅಂತಿದೀನಿ. ಏನ್ ಓದ್ಲಿ?”

ಇದಕ್ಕೆ ಉತ್ತರ ಕೊಡಲು ನೆಲಮಹಡಿಯಲ್ಲೇ ಕೋರ್ಸಿನ ಸಲಹೆ ಮಾರುವ, ಟೈ ಕಟ್ಟಿಕೊಂಡ ಇಬ್ಬರು ಕೂತಿದ್ದಾರೆ, ಬಣ್ಣದ ಚಿತ್ರಗಳ ಸಮೇತ. ಕೋ ಅಕ್ಕ ಉತ್ತರವನ್ನೇ ಕೊಡುವುದಿಲ್ಲ. ಬೆಂಚಿನ ಕೆಳಗಿನ ಡಬ್ಬಿಯಿಂದ ಕೆಟ್ಟ ಸಾಮಾನು ಒಂದನ್ನು ತೆಗೆದು ಮುಂದಿಡುತ್ತಾರೆ, ಪಕ್ಕದಲ್ಲಿ ಚೌಕಳಿ ಹಾಳೆಯ ನೋಟ್‌ಬುಕ್ಕು.

“ಇದನ್ನ ನೋಡು. ಕಂಡದ್ದು ಬರಿ. ಅಂದ್ಕೊಂಡದ್ದು ಬರೀಬೇಡ.”

ಒಮ್ಮೆ ತರಗತಿಗೇ ಮೊದಲಿಗನಾದ ಹುಡುಗನೊಬ್ಬ ಬಂದ. ಅವನ ಮುಂದೆ ಒಂದು ಕಂಪ್ಯೂಟರ್ ಇಟ್ಟರು. ಅವನು ಅರ್ಧ ನಿಮಿಷದಲ್ಲಿ ‘ಮದರ್‌ಬೋರ್ಡ್ ಸತ್ತಿದೆ’ ಎಂದು ಬರೆದು ಪೆನ್ನು ಮುಚ್ಚಿದ.

“ಸಾಯೋದನ್ನ ಕಣ್ಣಾರೆ ನೋಡಿದ್ಯೇನಪ್ಪ?” ಎಂದು ಕೋ ಅಕ್ಕ ಕೇಳಿದರು.

“ಆನ್ ಆಗ್ತಿಲ್ವಲ್ಲ ಅಕ್ಕ.”

“ಹಿಂದ್ಗಡೆ ಒಂದು ಸ್ವಿಚ್ ಇದೆ. ಅದನ್ನ ಒತ್ತಿ ಆಮೇಲೆ ಶವಸಂಸ್ಕಾರ ಮಾಡೋಣ.”

ಇನ್ನೊಬ್ಬ ದಿನವಿಡೀ ಆಟ ಆಡುವವನು. ಆಟ ತಯಾರಿಸುವವನೇ ಆಗಬೇಕು ಎಂದು ಹಟ ಹಿಡಿದಿದ್ದ. ಅವನಿಗೆ ಕೊಟ್ಟದ್ದು ಒಮ್ಮೆ ಒತ್ತಿದರೆ ಕೆಲವೊಮ್ಮೆ ಎರಡು ಸಲ ಒತ್ತಿದಂತೆ ಆಡುವ ಮೌಸು. ಅವನು ಅದನ್ನು ಮುನ್ನೂರು ಸಲ ಒತ್ತಿದ. ಆಮೇಲೆ ಯಾರೂ ಹೇಳದೆಯೇ ಗೆರೆ ಎಳೆದು, ಎಷ್ಟನೇ ಸಲ ತಪ್ಪಿತು, ಬೆರಳು ಎಡಕ್ಕಿದ್ದಾಗಲೋ ಬಲಕ್ಕಿದ್ದಾಗಲೋ ಎಂದು ಪಟ್ಟಿ ಮಾಡಿ ಬರೆಯುತ್ತ ಹೋದ. ಊಟದ ಡಬ್ಬಿ ಪಕ್ಕದಲ್ಲಿ ಆರಿತು. “ಆಟ ಮಾಡೋರು ಬೇಕಾದಷ್ಟಿದಾರೆ,” ಎಂದರು ಕೋ ಅಕ್ಕ, “ಅದು ಎಲ್ಲಿ ಮುರಿಯತ್ತೆ ಅಂತ ಹಿಂಗೆ ಕೂತು ಹುಡುಕೋರು ಬೆರಳೆಣಿಕೆ. ಅದಕ್ಕೇ ಅಂತ ಒಂದು ಕೆಲಸ ಇದೆ ಮಾರಾಯ, ಸಂಬಳಾನೂ ಕೊಡ್ತಾರೆ.” ಅವನೀಗ ಶಿಂಚು ಊರಿನಲ್ಲಿ ಅದೇ ಕೆಲಸದಲ್ಲಿದ್ದಾನೆ. ಹೊಸ ವರ್ಷಕ್ಕೆ ಅನಾನಸ್ ಸಿಹಿಯ ಡಬ್ಬಿ ತಂದುಕೊಡುತ್ತಾನೆ. ಅರ್ಧ ನಾನು ತಿನ್ನುತ್ತೇನೆ.

ನನ್ನ ಮಗಳು ಶಿನ್‌ಪೇ ಅದೇ ಬೆಂಚಿನ ಎದುರು ಶಾಲೆಯ ಹೋಂವರ್ಕ್ ಮಾಡಿ ಬೆಳೆದವಳು. ಆದರೂ ಅವಳ ಸರದಿ ಬಂದಾಗ ಕೋ ಅಕ್ಕನನ್ನು ಕೇಳುವ ಅಗತ್ಯ ನನಗೆ ಕಾಣಲಿಲ್ಲ. ಅವಳು ಎರಡು ಕಡೆ ಆಯ್ಕೆಯಾಗಿದ್ದಳು. ಒಂದು, ನಮ್ಮ ತೈಪೆಯಲ್ಲೇ ಇರುವ, ಹೆಸರು ಹೇಳಿದರೆ ಎದುರಿಗಿದ್ದವರು ಕುರ್ಚಿ ಬಿಟ್ಟುಕೊಡುವಂಥ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಹೊಸ ವಿಭಾಗ, ಗಾಜಿನ ಕಟ್ಟಡ. ಇನ್ನೊಂದು, ದಕ್ಷಿಣದಲ್ಲಿ ಕೌಸ್ಯುಂಗ್ ದಾಟಿ ಅನಾನಸ್ ಹೊಲಗಳ ನಡುವೆ ಇರುವ ತಾಂತ್ರಿಕ ವಿಶ್ವವಿದ್ಯಾಲಯ. ಕಂಪ್ಯೂಟರ್ ವ್ಯವಸ್ಥೆ ಮತ್ತು ಜಾಲಗಳ ನಿರ್ವಹಣೆ ಅಲ್ಲಿನ ವಿಷಯ. ಯಾವುದು ಮೊದಲು, ಯಾವುದು ಎರಡನೆಯದು ಎಂದು ಶುಕ್ರವಾರ ಸಂಜೆ ಐದರೊಳಗೆ ಜಾಲತಾಣದಲ್ಲಿ ತುಂಬಬೇಕು. ಒಮ್ಮೆ ‘ಖಚಿತ’ ಎಂಬ ಗುಂಡಿ ಒತ್ತಿದರೆ ದೇವರು ಬಂದರೂ ಬದಲಾಯಿಸುವಂತಿಲ್ಲ.

ಬುಧವಾರವೇ ನಾನು ಅಂಗಡಿಯ ಲ್ಯಾಪ್‌ಟಾಪಿನಲ್ಲಿ ಗಾಜಿನ ಕಟ್ಟಡವನ್ನು ಮೊದಲು ತುಂಬಿ, ಬೆರಳನ್ನು ಗುಂಡಿಯ ಮೇಲೆ ತಂದಿದ್ದೆ.

“ಅಪ್ಪಾ, ಇನ್ನೂ ಎರಡು ದಿನ ಇದೆ. ನಾನು ಯೋಚ್ನೆ ಮಾಡ್ತಿದೀನಿ.”

“ಯೋಚ್ನೆ ಮಾಡೋಕೆ ಏನಿದೆ? ಇಡೀ ಪ್ರಪಂಚ ಅದರ ಹಿಂದೆ ಓಡ್ತಿದೆ. ನೀನು ನಿರ್ವಹಣೆ, ನೆಟ್‌ವರ್ಕು ಅಂತ ತಂತಿ ಸುತ್ತುತ್ತಾ ಕೂರ್ತೀಯಾ? ತಂತಿ ಸುತ್ತೋಕೆ ನಾನಿಲ್ವಾ ಮನೇಲಿ?”

“ಓಡ್ತಿರೋರೆಲ್ಲ ಎಲ್ಲಿಗೆ ಅಂತ ಗೊತ್ತಾಗ್ಲಿ ಅಂತಿದೀನಿ ಅಷ್ಟೇ.”

“ಗೊತ್ತಾಗೋಷ್ಟರಲ್ಲಿ ಸೀಟು ತುಂಬಿರತ್ತೆ!”

ಅಷ್ಟು ಹೊತ್ತಿಗೆ ಫೋನ್ ಬಂತು. ಕೀಲುಂಗ್ ಬಂದರಿನಲ್ಲಿ ಮಂಜುಗಡ್ಡೆಯಲ್ಲಿಟ್ಟ ಮೀನು ಸಾಗಿಸುವ ಕಂಪನಿಯೊಂದರ ಲಾಯ್ ಮ್ಯಾನೇಜರ್. “ವೆನ್ ಸಾವ್ಕಾರ್ರೇ, ನಿಮ್ಮ ಮೆಮೊರಿ ಮತ್ತೆ ಸತ್ತಿದೆ! ಮಧ್ಯಾಹ್ನ ಆದ್ರೆ ಸರ್ವರ್ ಮಲಗಿಬಿಡತ್ತೆ. ಹಡಗು ನಿಂತಿದೆ, ಕಾಗದ ಬರ್ತಿಲ್ಲ. ಇದು ಎಷ್ಟನೇ ಸಲ ಸ್ವಾಮಿ?”

ಎಷ್ಟನೇ ಸಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ಸಲ ನಾನೇ ಹೋಗಿ ಹಳೆಯ ಮೆಮೊರಿ ತೆಗೆದು ಬೇರೆ ಹಾಕಿಬಂದಿದ್ದೆ. ಹೋದಾಗಲೆಲ್ಲ ಕಂಪನಿಗೆ ಒಂದೆರಡು ಹಸಿರು ಪೊಟ್ಟಣ ಉಚಿತವಾಗಿ ಕೊಡುವುದು ನನ್ನ ಪದ್ಧತಿ. ತೆಂಗಿನಕಾಯಿ ವಾಸನೆಯ ಜೋಳದ ತಿಂಡಿ. ಅದನ್ನು ಯಂತ್ರದ ಹತ್ತಿರ ಇಟ್ಟರೆ ಯಂತ್ರ ತಂಟೆ ಮಾಡದೆ ಕೆಲಸ ಮಾಡುತ್ತದೆ ಎಂದು ನಮ್ಮ ದ್ವೀಪದಲ್ಲಿ ನಂಬದ ಕಂಪ್ಯೂಟರ್ ಕೋಣೆ ಇಲ್ಲ. ಪೊಟ್ಟಣ ಹಸಿರೇ ಆಗಿರಬೇಕು, ಹಸಿರು ದೀಪದ ಹಾಗೆ. ಹಳದಿ, ಕೆಂಪು ನಡೆಯುವುದಿಲ್ಲ. ದಿನಾಂಕ ಮೀರಬಾರದು. ಕಾವಲಿನಲ್ಲಿರುವ ಪೊಟ್ಟಣವನ್ನು ತಿನ್ನುವುದಂತೂ ಮಹಾಪಾಪ.

ನಾನು ಕೋ ಅಕ್ಕನ ಬೆಂಚಿಗೆ ಹೋಗಿ ಹಲ್ಲು ಕಿರಿದೆ. “ಅಕ್ಕಾ, ಕೀಲುಂಗ್‌ಗೆ ಒಂದು ಗಳಿಗೆ ಬಂದುಬಿಡಿ. ಮೂರನೇ ಸಲ ಮೆಮೊರಿ ಅಂದ್ರೆ ಲಾಯ್ ನನ್ನನ್ನೇ ಮಂಜುಗಡ್ಡೆಗೆ ಹಾಕ್ತಾನೆ.”

ಕೋ ಅಕ್ಕ ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡರು. ಬೆಂಚಿನಿಂದ ನನ್ನ ಲ್ಯಾಪ್‌ಟಾಪಿನ ಪರದೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನಗೆ ಆಗಲೇ ಹೊಳೆದದ್ದು.

“ಬರ್ತೀನಿ. ಕೂಲಿ ಬೇಡ. ಆ ಗುಂಡಿ ಶುಕ್ರವಾರದ ತನಕ ಒತ್ತಬೇಡ. ನಾಳೆ ಮಧ್ಯಾಹ್ನ ಮಗೂನ ನನ್ ಜೊತೆ ಕಳ್ಸು.”

ಕೂಲಿ ಇಲ್ಲದ ರಿಪೇರಿ, ಬದಲಿಗೆ ಎರಡು ದಿನದ ತಡ. ನಾನು ಒಪ್ಪಿದೆ. ಲಾಭದ ವ್ಯಾಪಾರ ಎಂದುಕೊಂಡೇ ಒಪ್ಪಿದೆ.

ಗುರುವಾರ ಮೂವರೂ ರೈಲು ಹತ್ತಿದೆವು. ಶಿನ್‌ಪೇ ಕಿಟಕಿಯ ಪಕ್ಕ ಕೂತಳು. ನಾನು ಗಾಜಿನ ಕಟ್ಟಡದ ಗುಣಗಾನ ಶುರುಮಾಡಿದೆ. ಚಿದು ನಿಲ್ದಾಣದವರೆಗೂ ಕೇಳಿಸಿಕೊಂಡ ಕೋ ಅಕ್ಕ, ಸಾಬೂದಾನಿ ಗುಂಡು ಹಾಕಿದ ಚಹಾದ ಲೋಟದಲ್ಲಿ ಹೀರುವ ಕಡ್ಡಿ ತಿರುಗಿಸುತ್ತ ತಮ್ಮದೊಂದು ಮಾತು ಹೇಳಿದರು. ಇಷ್ಟು ವರ್ಷದಲ್ಲಿ ನಾನು ಆ ಮಾತು ಕೇಳಿದ್ದು ಅದೊಂದೇ ಸಲ.

ಆಕೆ ಹುಟ್ಟಿದ್ದು ಶೆತೌ ಎಂಬ ಕಾಲುಚೀಲ ನೇಯುವ ಊರಿನಲ್ಲಿ. ಹತ್ತು ವರ್ಷಕ್ಕೇ ನೇಯುವ ಯಂತ್ರದ ಸೂಜಿ ಬದಲಿಸಲು ಕಲಿತವರು. ಹದಿನಾರಕ್ಕೆ ತಾವ್ಯುವಾನ್‌ನ ಕಾರ್ಖಾನೆ: ಮೂರು ತಿಂಗಳು ಶಾಲೆ, ಮೂರು ತಿಂಗಳು ಬೆಸುಗೆಯ ಸಾಲು. ಇಪ್ಪತ್ತಮೂರಕ್ಕೆ ಸಂಜೆಯ ತಾಂತ್ರಿಕ ಕಾಲೇಜಿನ ಪರೀಕ್ಷೆ ಪಾಸಾಗಿ, ಎಲೆಕ್ಟ್ರಾನಿಕ್ಸ್ ಎಂದು ಅರ್ಜಿ ಬರೆದು, ಕೊಟ್ಟುಬಾ ಎಂದು ಅಣ್ಣನ ಕೈಗಿಟ್ಟರು.

“ಅಣ್ಣ ದಾರೀಲಿ ಅದನ್ನ ಹೊಡೆದುಹಾಕಿ ಲೆಕ್ಕಪತ್ರ ಅಂತ ಬರೆದ. ಕೆಟ್ಟದ್ದಕ್ಕಲ್ಲ. ಹೊಗೆ ಕುಡಿದು ನನ್ ಕಣ್ಣು ಹೋಗತ್ತೆ ಅಂತ ಅವನಿಗೆ ಭಯ. ನೆರಳಲ್ಲಿ ಕೂತು ಸಂಬಳ ಎಣಿಸ್ಲಿ ಅಂತ. ತುಂಬಾ ಒಳ್ಳೇವನು ನಮ್ಮಣ್ಣ.”

“ಆಮೇಲೆ?” ಎಂದಳು ಶಿನ್‌ಪೇ.

“ಒಂದು ವರ್ಷ ಹೋದೆ. ಕೂಡೋದು ಕಳೆಯೋದು ಬಂತು. ಬಿಟ್ಟೆ. ಮತ್ತೆ ಪರೀಕ್ಷೆ ಬರೆಯೋ ಧೈರ್ಯ ಬರ್ಲಿಲ್ಲ.” ಕಡ್ಡಿಯಿಂದ ಲೋಟದ ತಳದ ಸಾಬೂದಾನಿ ಗುಂಡನ್ನು ಹೆಕ್ಕಿ ತಿಂದರು. “ಅಣ್ಣನಿಗೆ ಇವತ್ತಿಗೂ ತಾನು ಉಪಕಾರ ಮಾಡಿದೆ ಅಂತಲೇ ಗೊತ್ತಿರೋದು. ನಾನೂ ಹೇಳಿಲ್ಲ.”

ನನ್ನತ್ತ ನೋಡಲೂ ಇಲ್ಲ. ಬಾದು ನಿಲ್ದಾಣ ಬಂತು, ಹೋಯಿತು. ನಾನು ಗಾಜಿನ ಕಟ್ಟಡದ ಮಾತು ಮತ್ತೆ ತೆಗೆಯಲಿಲ್ಲ.

ಲಾಯ್ ಮ್ಯಾನೇಜರ್ ಮೂವತ್ತು ವರ್ಷ ಮೀನಿನ ತೂಕ ನೋಡಿಕೊಂಡಿದ್ದವನು. ಕಂಪ್ಯೂಟರ್ ಬಂದಾಗ ಬೇರೆ ಯಾರೂ ಕೈ ಎತ್ತದ್ದಕ್ಕೆ ಅದರ ಉಸ್ತುವಾರಿಯೂ ಅವನ ತಲೆಗೆ ಬಿತ್ತು. ಶೀತಲ ಗೋದಾಮಿನ ಮೇಲಿನ ಸಣ್ಣ ಕೋಣೆ, ಸೊಂಟದೆತ್ತರದ ಕಬ್ಬಿಣದ ಕಪಾಟು, ಅದಕ್ಕೆ ಜಾಲರಿಯ ಬಾಗಿಲು, ಒಳಗೆ ಸರ್ವರ್. ಬಾಗಿಲಿನ ಮೇಲೆ ಅಚ್ಚುಕಟ್ಟಾಗಿ ಟೇಪು ಹಾಕಿ ಅಂಟಿಸಿದ ಹಸಿರು ಪೊಟ್ಟಣಗಳು, ಮೂರು ಸಾಲು. ಪ್ರತಿಯೊಂದರ ಮೇಲೂ ಇಟ್ಟ ದಿನಾಂಕ, ಅವನದೇ ಅಕ್ಷರದಲ್ಲಿ.

“ನೋಡಿ ಕೋ ಅಕ್ಕ, ಸೇವೆಯಲ್ಲಿ ಲೋಪ ಇಲ್ಲ,” ಎಂದು ಅವನು ಪೊಟ್ಟಣಗಳಿಗೆ ಕೈ ಮುಗಿದ. “ಒಂದೂ ಹಳಸಲಾಗೋಕೆ ಬಿಟ್ಟಿಲ್ಲ. ಆದ್ರೂ ಮಾತು ಕೇಳ್ತಿಲ್ಲ. ಅದಕ್ಕೇ ಹೇಳ್ದೆ, ಮೆಮೊರೀದೇ ತಪ್ಪು.”

ಕೋ ಅಕ್ಕ ಬಾಗಿಲ ಬಳಿ ನಿಂತು ಒಂದು ಸಲ ಕಪಾಟನ್ನು ನೋಡಿದರು. ಒಂದೇ ಸಲ. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, ಚೀಲದಿಂದ ಚೌಕಳಿ ನೋಟ್‌ಬುಕ್ಕು ತೆಗೆದು ಶಿನ್‌ಪೇ ಕೈಗಿಟ್ಟರು.

“ಕಂಡದ್ದು ಬರಿ.”

ನಾನು ಜೇಬಿನಿಂದ ತಿರುಪುಳಿ ತೆಗೆದು ಮುಂದೆ ಹೋದೆ.

“ವೆನ್, ಕೈ ಜೇಬಲ್ಲಿಟ್ಕೋ.”

ಇಟ್ಟುಕೊಂಡೆ. ಐವತ್ತೇಳು ವರ್ಷದ ವ್ಯಾಪಾರಿ ಶಾಲೆಯ ಹುಡುಗನ ಹಾಗೆ ಗೋಡೆಗೊರಗಿ ನಿಂತದ್ದನ್ನು ನನ್ನ ಗಿರಾಕಿಗಳು ನೋಡಲಿಲ್ಲವಲ್ಲ, ಅದೇ ಪುಣ್ಯ.

ಮಗಳು ಮುಕ್ಕಾಲು ಗಂಟೆ ಬರೆದಳು. ಗಡಿಯಾರ ನೋಡಿದಳು, ಪರದೆಯ ಮೇಲಿನ ಉಷ್ಣಾಂಶ ನೋಡಿದಳು, ಕಿವಿ ಹತ್ತಿರ ತಂದು ಫ್ಯಾನಿನ ಸದ್ದು ಕೇಳಿದಳು. ಹೊರಗಿನ ಜೂನ್ ತಿಂಗಳ ಬಿಸಿಲು ತಗಡಿನ ಮೇಲೆ ಏರಿದಂತೆ ಒಂದೂವರೆಯ ಹೊತ್ತಿಗೆ ಆ ಸದ್ದು ಕೀರಲಾಯಿತು. ಅದನ್ನೂ ಬರೆದಳು. ಆಮೇಲೆ ಕೇಳಿದಳು:

“ಮಾಮ, ಮೆಷಿನ್ ನಿಂತ ದಿನಗಳನ್ನ ಎಲ್ಲಾದ್ರೂ ಗುರುತು ಮಾಡಿದೀರಾ?”

ಲಾಯ್ ಹೆಮ್ಮೆಯಿಂದ ಗೋಡೆಯ ಕ್ಯಾಲೆಂಡರ್ ಕೊಟ್ಟ. ನಿಂತ ದಿನಕ್ಕೆಲ್ಲ ಕೆಂಪು ಸುತ್ತು. ಶಿನ್‌ಪೇ ಅದನ್ನು ಕಪಾಟಿನ ಪಕ್ಕ ಹಿಡಿದು, ಪೊಟ್ಟಣದ ಮೇಲಿನ ದಿನಾಂಕಗಳನ್ನು ಒಂದೊಂದಾಗಿ ಬರೆದುಕೊಂಡಳು. ಸುತ್ತು ಬಿದ್ದ ಮರುದಿನ ಒಂದು ಪೊಟ್ಟಣ. ಮತ್ತೆ ಸುತ್ತು, ಮತ್ತೆ ಪೊಟ್ಟಣ. ಎರಡು ಸುತ್ತುಗಳ ನಡುವೆ ಮೊದಲು ಇಪ್ಪತ್ತೊಂದು ದಿನ, ಆಮೇಲೆ ಹದಿನಾರು, ಹನ್ನೊಂದು, ಆರು, ನಾಲ್ಕು, ಎರಡು. ಪೆನ್ನು ನಿಂತಿತು.

ಅವಳು ನನ್ನ ಜೇಬಿನಿಂದ ಹೊರಗೆ ಇಣುಕುತ್ತಿದ್ದ ಅಂಗಡಿ ರಸೀದಿಯನ್ನು ಎಳೆದುಕೊಂಡು, ಅದರಿಂದ ತೆಳ್ಳನೆಯ ಪಟ್ಟಿ ಹರಿದು, ಎರಡು ಪೊಟ್ಟಣಗಳ ನಡುವಿನ ಸಂದಿಗೆ ಹಿಡಿದಳು. ಒಳಗಿನ ಫ್ಯಾನು ಗಾಳಿ ಎಳೆದು ಕಾಗದ ಜಾಲರಿಗೆ ಪಟ್ಟನೆ ಅಂಟಿತು. ಪೊಟ್ಟಣದ ಮೇಲೆ ಹಿಡಿದಳು. ಕಾಗದ ಜಾರಿ ನೆಲಕ್ಕೆ ಬಿತ್ತು.

ಅಷ್ಟಕ್ಕೆ ನನಗೂ ಗೊತ್ತಾಯಿತು. ಯಂತ್ರ ಉಸಿರೆಳೆಯುವ ಜಾಗದ ಮೇಲೆ ಹನ್ನೊಂದು ಪೊಟ್ಟಣ. ಯಂತ್ರ ಕಾದು ನಿಂತಷ್ಟೂ ಲಾಯ್ ಇನ್ನೊಂದು ಅಂಟಿಸಿದ. ಅಂಟಿಸಿದಷ್ಟೂ ಅದು ಬೇಗ ಕಾಯಿತು. ನಾನು ಬಂದು ಬಾಗಿಲು ತೆರೆದಿಟ್ಟು ಮೆಮೊರಿ ಬದಲಿಸುವ ಅರ್ಧ ಗಂಟೆಯಲ್ಲಿ ಅದು ತಣ್ಣಗಾಗುತ್ತಿತ್ತು. ಆ ಗುಣವನ್ನು ನಾನು ಮೆಮೊರಿಯ ಹೆಸರಿಗೆ ಹಾಕಿಕೊಂಡೆ. ಹನ್ನೊಂದರಲ್ಲಿ ನಾಲ್ಕು ನಾನೇ ಉಚಿತವಾಗಿ ಕೊಟ್ಟವು. ಇನ್ನೂ ಒಂದಿದೆ. ಕೆಟ್ಟಿದೆ ಎಂದು ತೆಗೆದ ಹಳೆಯ ಮೆಮೊರಿಯನ್ನು ಅಂಗಡಿಗೆ ಒಯ್ದು ಪರೀಕ್ಷೆಗೆ ಹಾಕಿದಾಗ ಅದು ಸಲೀಸಾಗಿ ಪಾಸಾಗಿತ್ತು. ಕೆಟ್ಟದ್ದು ಹೇಗೆ ಪಾಸಾಯಿತು ಎಂದು ನನ್ನನ್ನೇ ನಾನು ಕೇಳಿಕೊಳ್ಳಲಿಲ್ಲ. ಬೆಲೆಚೀಟಿ ಅಂಟಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟೆ.

ಮಗಳು ಲಾಯ್‌ನನ್ನು ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ಕೋ ಅಕ್ಕನನ್ನು ನೋಡಿದಳು. ಕೋ ಅಕ್ಕ ಮೇಲ್ಛಾವಣಿಯಲ್ಲಿ ಏನೋ ವಿಶೇಷ ಇರುವ ಹಾಗೆ ಅದನ್ನೇ ನೋಡುತ್ತಿದ್ದರು.

“ಏನಮ್ಮಾ ಕಂಡಿದ್ದು?” ಎಂದ ಲಾಯ್.

ಶಿನ್‌ಪೇ ಪೊಟ್ಟಣಗಳ ಕಡೆ ತಿರುಗಿ ಮೊದಲು ಕೈ ಮುಗಿದಳು.

“ಮಾಮ, ಈ ಮೆಷಿನ್ ಮೂಗು ಇರೋದು ಈ ಜಾಲರೀಲಿ. ಗಾಳಿ ಇಲ್ಲಿಂದಲೇ ಒಳಗೆ ಹೋಗ್ಬೇಕು. ನೀವು ದಿನಾಂಕ ಬರೆದಿಟ್ಟಿದ್ದಕ್ಕೇ ಗೊತ್ತಾಯ್ತು ನೋಡಿ,” ಎಂದು ನೋಟ್‌ಬುಕ್ಕು ತೋರಿಸಿದಳು.

ಲಾಯ್ ಬೆರಳಿಟ್ಟು ಒಂದೊಂದೇ ಸಾಲು ಓದಿದ. ಇಪ್ಪತ್ತೊಂದು, ಹದಿನಾರು, ಹನ್ನೊಂದು. ಅವನ ಕಿವಿ ಕೆಂಪಾಯಿತು. “ಅಂದ್ರೆ ನಾನೇ ಮೂಗು ಮುಚ್ಚಿದ್ನಾ?”

“ಇಲ್ಲ ಮಾಮ. ನೀವು ಕಾವಲು ಹಾಕಿದ್ರಿ. ಕಾವಲಿನವರು ಬಾಗಿಲಿಗೇ ಅಡ್ಡ ನಿಂತ್ರು, ಅಷ್ಟೇ. ಎದುರಿಗೆ ಒಂದು ಹಲಗೆ ಹಾಕಿ ಅಲ್ಲಿ ಕೂರಿಸಿದ್ರೆ ಮೆಷಿನ್ ಮುಖಾನೂ ಕಾಣತ್ತೆ ಅವರಿಗೆ. ಇಲ್ಲಿ ಬೆನ್ನು ಹಾಕಿಕೊಂಡಿದ್ರಲ್ಲ.”

ಲಾಯ್ ಜೋರಾಗಿ ನಕ್ಕ. ಗೋದಾಮಿನಿಂದ ಮೀನಿನ ಪೆಟ್ಟಿಗೆಯ ಹಲಗೆ ತರಿಸಿದ. ಒಂದೊಂದು ಪೊಟ್ಟಣ ಬಿಡಿಸುವಾಗಲೂ “ತಪ್ಪಾಯ್ತು, ಸ್ವಲ್ಪ ಈ ಕಡೆ ಬನ್ನಿ” ಎಂದು ಕೇಳಿಕೊಂಡ. ಹನ್ನೊಂದೂ ಹಲಗೆಯೇರಿ ಯಂತ್ರಕ್ಕೆ ಮುಖಮಾಡಿ ಕೂತವು. ಹತ್ತು ನಿಮಿಷದಲ್ಲಿ ಫ್ಯಾನಿನ ಕೀರಲು ಇಳಿಯಿತು. ಮೂರು ಗಂಟೆಯಾಯಿತು, ನಾಲ್ಕಾಯಿತು, ಯಂತ್ರ ಮಲಗಲಿಲ್ಲ. ಕೆಳಗೆ ಮುದ್ರಣ ಯಂತ್ರ ಹಡಗಿನ ಕಾಗದಗಳನ್ನು ಉಗುಳುವ ಸದ್ದು ಕೇಳಿಸಿತು.

ಆಗ ಲಾಯ್ ನನ್ನ ಕಡೆ ತಿರುಗಿದ. “ಹಾಗಾದ್ರೆ ಸಾವ್ಕಾರ್ರೇ, ಆ ಮೆಮೊರಿ?”

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಜೇಬಿನಲ್ಲಿದ್ದ ತಿರುಪುಳಿಯನ್ನು ಬೆರಳಲ್ಲಿ ತಿರುಗಿಸತೊಡಗಿದೆ.

ಕೋ ಅಕ್ಕ ಸ್ಟೂಲಿನಿಂದ ಎದ್ದರು. “ಬಿಸಿ ಆದಾಗ ಮೊದ್ಲು ತಡವರಿಸೋದು ಮೆಮೊರೀನೇ. ಯಾರಿಗಾದ್ರೂ ಹಾಗನ್ಸತ್ತೆ. ಹಳೇದೆಲ್ಲ ವೆನ್ ಹತ್ರ ಜೋಪಾನವಾಗಿದೆ. ನಾಳೆ ತಂದು ಹಾಕಿ, ತನ್ನದನ್ನ ವಾಪಸ್ ತಗೋತಾನೆ.” ಆಮೇಲೆ ನನ್ನತ್ತ ನೋಡಿ, “ಅಲ್ವಾ?” ಎಂದರು.

“ಹೌದು ಹೌದು,” ಎಂದೆ, “ನಾನೇ ಹೇಳೋಣ ಅಂತಿದ್ದೆ.” ಈ ಹೆಂಗಸು ನನ್ನ ಗಾಜಿನ ಪೆಟ್ಟಿಗೆಯ ಬೆಲೆಚೀಟಿಗಳನ್ನೂ ಓದಿದ್ದರು.

ವಾಪಸು ಹೊರಡುವ ಮೊದಲು ಬಂದರಿನ ಮುಂದಿನ ಅಂಗಡಿಯಲ್ಲಿ ಮೀನುಂಡೆಯ ಸಾರು ಕುಡಿದೆವು. ನಾನು ತಡೆಯಲಾರದೆ ಕೇಳಿದೆ. “ಸರಿ ಅಕ್ಕ, ಈಗ ನೀವೇ ಹೇಳಿಬಿಡಿ. ಯಾವುದು ಮೊದ್ಲು?”

“ನೀನು ಮೆಮೊರಿ ಕೊಳ್ಳುವಾಗ ಮೇಲಿನ ಚೀಟಿ ನೋಡಿ ಕೊಳ್ತೀಯಾ?”

“ಹುಚ್ಚಾ ನನಗೆ? ಪರೀಕ್ಷೆಗೆ ಹಾಕ್ದೆ ಮುಟ್ಟೋದೇ ಇಲ್ಲ.”

“ಮಗಳ ವಿಷಯಕ್ಕೆ ಮಾತ್ರ ಚೀಟಿ ಸಾಕಾ?”

ಶಿನ್‌ಪೇ ಸಾರು ಮೂಗಿಗೆ ಹೋಗಿ ಕೆಮ್ಮಿದಳು. ಕೋ ಅಕ್ಕ ಅವಳ ಕಡೆ ತಿರುಗಿದರು. ಆಕೆ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

“ನೋಡು ಮಗು, ಹೆಸರುಗಳು ನಾಲ್ಕು ವರ್ಷಕ್ಕೊಂದು ಸಲ ಬದಲಾಗತ್ವೆ. ನಾನು ಬಂದಾಗಿಂದ ಎಷ್ಟೋ ನೋಡಿದೆ. ಎಲ್ಲದರ ಕೆಳಗೂ ಎಲ್ಲೋ ಒಂದು ಮೆಷಿನ್ ಬಿಸಿ ಆಗ್ತಾ ಇರತ್ತೆ, ಅದರ ಪಕ್ಕ ಒಬ್ಬ ಲಾಯ್ ಮಾಮ ಹೆದರ್ಕೊಂಡು ನಿಂತಿರ್ತಾನೆ. ಕೃತಕ ಬುದ್ಧಿ ಬೇಡ ಅಂತಿಲ್ಲ ನಾನು. ಲೆಕ್ಕ ಮಾಡ್ತಾ ಊಟ ಮರೀತೀಯಾ? ಹಾಗಿದ್ರೆ ಹೋಗು, ಹಾರ್ಕೊಂಡು ಹೋಗು.”

“ಲೆಕ್ಕ ಮಾಡುವಾಗ ಊಟಾನೇ ನೆನಪಾಗತ್ತೆ ಅಕ್ಕ.”

“ಇವತ್ತು ಮಧ್ಯಾಹ್ನ ಊಟ ಮಾಡಿದ್ಯಾ?”

ಮಗಳು ಬಟ್ಟಲಿನಿಂದ ತಲೆಯೆತ್ತಿದಳು. ಅವಳು ಊಟ ಮಾಡಿರಲಿಲ್ಲ. ಅದು ಅವಳಿಗೆ ಗೊತ್ತಾದದ್ದೂ ಆಗಲೇ.

“ಎರಡೂ ಕಡೆ ಫೋನ್ ಮಾಡು. ಸೀಟು, ಸಂಬಳ ಕೇಳಬೇಡ. ಮೊದಲನೇ ವರ್ಷದವರನ್ನ ಮೆಷಿನ್ ಕೋಣೆಗೆ ಬಿಡ್ತೀರಾ ಅಂತ ಕೇಳು. ಮೂರನೇ ವರ್ಷದವರು ಅರ್ಧ ವರ್ಷ ಎಲ್ಲಿ ಕೆಲಸ ಮಾಡಿ ಬರ್ತಾರೆ ಅಂತ ಕೇಳು. ಕೆಟ್ಟು ನಿಂತಾಗ ಯಾರು ಸರಿ ಮಾಡ್ತಾರೆ, ಮೇಷ್ಟ್ರಾ ಹುಡುಗರಾ ಹೊರಗಿನವರಾ ಅಂತ ಕೇಳು. ಅವರು ಹೇಳಿದ್ದನ್ನ ಬರಿ. ನೀನು ಅಂದ್ಕೊಂಡದ್ದು ಬೇಡ. ಇನ್ನು ಯಾವುದಕ್ಕೆ ಹೋದ್ರೂ ಇಂಗ್ಲಿಷಲ್ಲಿ ಇರೋ ಕೈಪಿಡಿ ಓದೋದು ಕಲಿ, ಮೂರು ಸಾಲು ನೆಟ್ಟಗೆ ಬರೆಯೋದು ಕಲಿ. ಲೆಕ್ಕ ಬಿಟ್ಟುಬಿಡ್ಬೇಡ, ಊಟ ಮಾಡ್ಕೊಂಡೇ ಕಲಿ.”

ಶುಕ್ರವಾರ ಬೆಳಿಗ್ಗೆ ನಾನು ಕೀಲುಂಗ್‌ಗೆ ಹೋಗಿ ಮೆಮೊರಿ ಬದಲಿಸಿ ಬಂದೆ. ಮಧ್ಯಾಹ್ನ ಶಿನ್‌ಪೇ ನನ್ನ ಅಂಗಡಿಯ ಹಿಂದೆ ಕೂತು ಫೋನ್ ಮಾಡಿದಳು. ಗಾಜಿನ ಕಟ್ಟಡದವರು ಮೊದಲು ಸಂಗೀತ ಕೇಳಿಸಿದರು, ಆಮೇಲೆ ಎಲ್ಲವೂ ಜಾಲತಾಣದಲ್ಲಿದೆ ಎಂದರು, ಆಮೇಲೆ ಮತ್ತೆ ಸಂಗೀತ. ದಕ್ಷಿಣದ ಕಡೆ ಫೋನ್ ಎತ್ತಿದ್ದು ಯಾರೋ ಎರಡನೇ ವರ್ಷದ ಹುಡುಗಿ, ಯಂತ್ರದ ಕೋಣೆಯೊಳಗಿನಿಂದಲೇ. ಫ್ಯಾನುಗಳ ಸದ್ದಿನ ಮೇಲೆ ಕಿರುಚಿಕೊಂಡು ಇಪ್ಪತ್ತು ನಿಮಿಷ ಮಾತಾಡಿದಳು. ನನಗೂ ಪಕ್ಕದ ಅಂಗಡಿಯವರಿಗೂ ಕೇಳಿಸಿತು: “ಕೆಟ್ರೆ ನಾವೇ ಸರಿ ಮಾಡ್ಬೇಕು, ಮೇಷ್ಟ್ರು ಫೋನೇ ಎತ್ತಲ್ಲ! ಬಾ, ಚೆನ್ನಾಗಿದೆ!”

ಮಗಳು ಎಲ್ಲವನ್ನೂ ಬರೆದುಕೊಂಡು ನನ್ನ ಮುಂದೆ ನಿಂತಳು. ಗಂಟೆ ಮೂರೂವರೆ.

“ಅಪ್ಪಾ, ದಕ್ಷಿಣದ್ದು ಮೊದಲು.”

ಲ್ಯಾಪ್‌ಟಾಪ್ ನನ್ನ ಮುಂದೆಯೇ ಇತ್ತು. ಬುಧವಾರ ನಾನು ತುಂಬಿದ್ದ ಕ್ರಮ ಹಾಗೇ ಇತ್ತು, ಗಾಜಿನ ಕಟ್ಟಡ ಮೇಲೆ, ಅನಾನಸ್ ಹೊಲ ಕೆಳಗೆ. ಕುರ್ಚಿಯಲ್ಲಿ ನಾನು, ಗುಪ್ತಪದ ನನ್ನದು, ಬೆರಳು ನನ್ನದು. ಒಂದು ಗುಂಡಿ. ಒತ್ತಿದ ಮೇಲೆ ಅವಳು ಒಂದು ವಾರ ಅಳುತ್ತಾಳೆ, ಹತ್ತು ವರ್ಷದ ಮೇಲೆ ಥ್ಯಾಂಕ್ಸ್ ಹೇಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಂಗಡಿಯಲ್ಲಿ ಎಂಥೆಂಥ ಮಾಲನ್ನೋ ಮಾತಿನಿಂದ ದಾಟಿಸಿದವನಿಗೆ ತನಗೆ ತಾನೇ ಇಷ್ಟು ಮಾರಿಕೊಳ್ಳುವುದು ಕಷ್ಟವೇ?

ಅಷ್ಟರಲ್ಲಿ ಎದುರಿನಿಂದ ಕೋ ಅಕ್ಕ ಎದ್ದು ಬಂದರು. ಕೈಯಲ್ಲಿ ಒಂದು ಹಸಿರು ಪೊಟ್ಟಣ. ಅದನ್ನು ಲ್ಯಾಪ್‌ಟಾಪಿನ ಪಕ್ಕ ಇಡುತ್ತಾರೆಂದುಕೊಂಡೆ. ಇಡಲಿಲ್ಲ. ನನ್ನ ಅಂಗಿಯ ಜೇಬಿಗೆ ಸಿಕ್ಕಿಸಿದರು.

“ಮೆಷಿನ್ ಚೆನ್ನಾಗಿದೆ. ಇದು ನಿನಗೆ.”

ಹೇಳಿ ತಮ್ಮ ಬೆಂಚಿಗೆ ಹೋಗಿ ಬೆಸುಗೆ ಕಡ್ಡಿ ಕೈಗೆತ್ತಿಕೊಂಡರು. ಪಕ್ಕದ ಅಂಗಡಿಯವನು ಬಿದ್ದು ಬಿದ್ದು ನಕ್ಕ. ಶಿನ್‌ಪೇ ನಗಲಿಲ್ಲ. ನಿಂತೇ ಇದ್ದಳು, ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು. ನನಗೆ ಶೆತೌ ಊರಿನ ಆ ಅಣ್ಣನ ಮುಖ ಹೇಗಿದ್ದೀತು ಎಂಬ ಯೋಚನೆ ಬಂತು. ಒಳ್ಳೆಯವನ ಮುಖವೇ ಇದ್ದಿರಬೇಕು.

ನಾನು ಕುರ್ಚಿಯಿಂದ ಎದ್ದೆ. ಅವಳು ಕೂತಳು, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿದಳು, ಎರಡು ಸಲ ಓದಿದಳು, ಒತ್ತಿದಳು. ಗಂಟೆ ನಾಲ್ಕೂ ಹತ್ತು.

ಅವಳೀಗ ಅಲ್ಲಿ ಎರಡನೇ ವರ್ಷದಲ್ಲಿದ್ದಾಳೆ. ಯಂತ್ರದ ಕೋಣೆಯ ಫೋನ್ ಎತ್ತುವುದು ಈಗ ಅವಳ ಪಾಳಿ. ಕೆಲಸ ಸಿಗುತ್ತದೋ, ಎಷ್ಟು ಸಂಬಳವೋ, ಗಾಜಿನ ಕಟ್ಟಡದವರು ಇವಳಿಗಿಂತ ಮುಂದೆ ಹೋಗುತ್ತಾರೋ, ನನಗೆ ಗೊತ್ತಿಲ್ಲ. ಅದನ್ನು ಈಗಲೇ ಹೇಳುವವರು ನೆಲಮಹಡಿಯಲ್ಲಿ ಟೈ ಕಟ್ಟಿಕೊಂಡು ಕೂತಿದ್ದಾರೆ. ರಜೆಗೆ ಬಂದರೆ ಅವಳು ಮನೆಗೆ ಬರುವ ಮೊದಲು ಮೂರನೇ ಮಹಡಿಗೆ ಬರುತ್ತಾಳೆ, ಬಂದರೂ ಮೊದಲು ಎದುರಿನ ಬೆಂಚಿಗೆ ಹೋಗಿ, ಆಮೇಲೆ ನನ್ನ ಕಡೆ ತಿರುಗಿ “ಅಪ್ಪಾ, ಊಟ ಆಯ್ತಾ?” ಎನ್ನುತ್ತಾಳೆ. ಕೀಲುಂಗ್‌ನಲ್ಲಿ ಅವಳು ಬರೆದ ಚೌಕಳಿ ಹಾಳೆಯನ್ನು ಕೋ ಅಕ್ಕ ನೋಟ್‌ಬುಕ್ಕಿನಿಂದ ಹರಿದು ನನಗೆ ಕೊಟ್ಟಿದ್ದಾರೆ. ಅದು ನನ್ನ ಗಾಜಿನ ಪೆಟ್ಟಿಗೆಯಲ್ಲಿದೆ, ಬೆಲೆಚೀಟಿ ಇಲ್ಲದೆ.

ಆ ಶುಕ್ರವಾರ ನಾನು ಕುರ್ಚಿ ಬಿಟ್ಟು ಎದ್ದೆ. ಎಬ್ಬಿಸಿದವರು ಕೋ ಯೂಫಂಗ್. ಮಗಳು ಇವತ್ತಿಗೂ ನನ್ನನ್ನು ಊಟ ಆಯ್ತಾ ಎಂದು ಕೇಳುವುದು ಆಕೆಯಿಂದಾಗಿಯೇ.